ಮೊಬೈಲ್ ಮೂಲಕ ಹಣ ಪಡೆಯುವಾಗ ಮಾರುವವರು ವಹಿಸಬೇಕಾದ ಎಚ್ಚರಿಕೆ



ಸಂಘದಲ್ಲಿ ನೀವು ಹಾಕುವ ಹಾಲನ್ನು ಯಾರೂ ಕಣ್ಣಳತೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಬಿಳುಪಾಗಿರುವುದೆಲ್ಲ ಹಾಲೆಂದು ನಂಬದೆ, ಜಿಡ್ಡಿನ ಅಂಶ ನೋಡಿ, ಲ್ಯಾಕ್ಟೋಮೀಟರ್ ಇಳಿಬಿಟ್ಟು, ಆಮೇಲೆ ಚೀಟಿ ಕೊಡುತ್ತಾರೆ. ಆದರೆ ಮನೆಯಲ್ಲಿ ರಾಸು ಮಾರುವಾಗಲೋ, ತುಪ್ಪ, ಗೊಬ್ಬರ ಮಾರುವಾಗಲೋ, ಕೊಳ್ಳುವವನು ತನ್ನ ಮೊಬೈಲ್ ಎತ್ತಿ ಹಿಡಿದು "ಹಣ ಹಾಕಿದ್ದೇನೆ, ನೋಡಿ" ಎಂದರೆ ನಾವು ತಲೆಯಾಡಿಸಿಬಿಡುತ್ತೇವೆ. ಮೋಸಗಾರರು ನುಗ್ಗುವುದು ಈ ಸಂದಿಯಲ್ಲೇ.

ಯುಪಿಐ ವ್ಯವಸ್ಥೆ 2016ರಲ್ಲಿ ಆರಂಭವಾಯಿತು. ಇಂದು ಸಂತೆಯ ಸೊಪ್ಪಿನವರ ಬಳಿಯೂ ಕ್ಯೂಆರ್ ಚೀಟಿ ಇದೆ. ಇದರಿಂದ ಆಗಿರುವ ಅನುಕೂಲ ದೊಡ್ಡದು, ಇದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಕರೆಯುವ ಒಂದು ಎಚ್.ಎಫ್. ಹಸುವಿನ ಬೆಲೆ ಎಂದರೆ ಹಲವು ತಿಂಗಳ ಬಟವಾಡೆ. ಅದು ಹೋದರೆ ಮೇವಿನ ಬಾಕಿ, ಸಾಲದ ಕಂತು, ಮಕ್ಕಳ ಶುಲ್ಕ ಎಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ.

ಹೆಚ್ಚಾಗಿ ನಡೆಯುವ ಒಂದು ಮೋಸದ ರೀತಿಯನ್ನು ನೋಡೋಣ. ನೀವು ಎರಡನೆಯ ಸೂಲಿನ ಹಸುವಿನ ಚಿತ್ರವನ್ನು ಮೊಬೈಲಿನಲ್ಲಿ ಹಾಕಿ, 60,000 ರೂ. ಎಂದು ಬರೆದಿದ್ದೀರಿ ಎನ್ನಿ. ಒಬ್ಬ ಕರೆ ಮಾಡುತ್ತಾನೆ. ಸೈನ್ಯದಲ್ಲಿದ್ದೇನೆ ಎನ್ನುತ್ತಾನೆ, ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾನೆ. ಹಸು ನೋಡಲು ಬರುವುದಿಲ್ಲ, ಕೆಚ್ಚಲು ಮುಟ್ಟುವುದಿಲ್ಲ, ಹಲ್ಲು ಎಣಿಸುವುದಿಲ್ಲ, ಒಂದು ರೂಪಾಯಿಯನ್ನೂ ಚೌಕಾಸಿ ಮಾಡುವುದಿಲ್ಲ. (ಸುಳಿ ಕೂಡ ಕೇಳದೆ ಹಸು ಕೊಳ್ಳುವವನನ್ನು ನಮ್ಮ ಕಡೆ ಎಲ್ಲಿ ಕಂಡಿದ್ದೀರಿ?) "ಸಂಚಕಾರ ಕಳಿಸುತ್ತೇನೆ, ಖಾತೆ ಸರಿಯಿದೆಯೇ ನೋಡೋಣ" ಎಂದು 5 ರೂ. ನಿಜವಾಗಿಯೇ ಹಾಕುತ್ತಾನೆ. ನಂಬಿಕೆ ಬಂತಲ್ಲ! ಮುಂದೆ ಒಂದು ಕ್ಯೂಆರ್ ಚಿತ್ರ ಕಳಿಸಿ, "ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿ, 20,000 ರೂ. ಬರುತ್ತದೆ" ಎನ್ನುತ್ತಾನೆ. ನೀವು ಒತ್ತುತ್ತೀರಿ. ಹಣ ಬರುವುದಿಲ್ಲ, ಹೋಗುತ್ತದೆ.

ಇಲ್ಲಿ ತಿಳಿಯಬೇಕಾದ ವಿಷಯ ಒಂದೇ. ಯುಪಿಐ ಪಿನ್ ಇರುವುದು ಹಣ ಕಳಿಸಲಿಕ್ಕೆ, ಇಲ್ಲವೇ ಖಾತೆಯ ಬಾಕಿ ನೋಡಲಿಕ್ಕೆ. ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಸ್ಕ್ಯಾನ್ ಮಾಡುವವನು ಕೊಡುವವನು. ಹಿಂದೆ ಅಪರಿಚಿತರು "ಹಣ ಕೊಡಿ" ಎಂಬ ಕೋರಿಕೆಯನ್ನೇ ನೇರವಾಗಿ ನಿಮ್ಮ ಮೊಬೈಲಿಗೆ ಕಳಿಸಿ, ಒಪ್ಪಿಗೆ ಒತ್ತಿಸಿ ಮೋಸ ಮಾಡುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಕ್ಯೂಆರ್ ದಾರಿ ಮಾತ್ರ ತೆರೆದೇ ಇದೆ.

ಇನ್ನೊಂದು ಬಗೆಯಲ್ಲಿ ಹಣ ಬಂದಂತೆ ಮೆಸೇಜ್ ಬರುತ್ತದೆ. ಹಿಂದೆಯೇ ಕರೆ: "ಅಯ್ಯೋ, 2,000 ಹಾಕುವ ಬದಲು 20,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ ಅಣ್ಣ." ಮೆಸೇಜು ಅವನೇ ಬರೆದು ಕಳಿಸಿದ್ದು. 10 ಅಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ. ಆದರೂ ಮೆಸೇಜನ್ನೇ ಪರೀಕ್ಷಿಸುತ್ತಾ ಕೂರುವುದಕ್ಕಿಂತ ನಿಮ್ಮ ಖಾತೆಯ ಬಾಕಿ ತೆರೆದು ನೋಡುವುದು ಸುಲಭ. ಅಲ್ಲಿ ಹಣ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗೆಯೇ, ಹಣ ಸಂದಾಯವಾದಂತೆ ಹಸಿರು ಗುರುತು ತೋರಿಸುವ ನಕಲಿ ಆ್ಯಪ್‌ಗಳೂ ಇವೆ. ಆದ್ದರಿಂದ ಕೊಳ್ಳುವವನ ಮೊಬೈಲ್ ಪರದೆ ನಿಮಗೆ ರಸೀತಿಯಲ್ಲ. ಹಗ್ಗ ಕೈಬದಲಾಗುವ ಮೊದಲು ನಿಮ್ಮ ಖಾತೆಯಲ್ಲಿ ಹಣ ಕಾಣಬೇಕು. "ಸರ್ವರ್ ನಿಧಾನ, ಸಂಜೆಗೆ ಬರುತ್ತೆ" ಎಂದರೆ ಹಸುವೂ ಸಂಜೆಗೇ ಹೋಗಲಿ.

ಹಾಲಿನ ಪಾರ್ಲರ್, ಹೋಟೆಲು, ಪಶು ಆಹಾರದ ಅಂಗಡಿ ಇಟ್ಟಿರುವವರು ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಯನ್ನು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಉಗುರಿನಿಂದ ಸವರಿ ನೋಡಿ. ರಾತ್ರೋರಾತ್ರಿ ಅದರ ಮೇಲೆ ಬೇರೊಬ್ಬರ ಚೀಟಿ ಅಂಟಿಸುವವರಿದ್ದಾರೆ. ಇಡೀ ದಿನ ನೀವು ಮಾರಿದ ಹಣ ಅವರ ಖಾತೆಗೆ ಹೋಗುತ್ತಿರುತ್ತದೆ. ಗಿರಾಕಿಗಳಿಗೆ "ಯಾರ ಹೆಸರು ಬಂತು?" ಎಂದು ಕೇಳುವ ಅಭ್ಯಾಸ ಒಳ್ಳೆಯದು. ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆ ಇದ್ದರೆ, ಸದ್ದು ನಿಮ್ಮ ಪೆಟ್ಟಿಗೆಯಿಂದಲೇ ಬಂತೋ ಗಿರಾಕಿಯ ಜೇಬಿನಿಂದ ಬಂತೋ ಎಂದು ಕಿವಿಗೊಡಿ.

ಕಾರ್ಡ್ ಉಜ್ಜುವ ಯಂತ್ರ ಇಟ್ಟಿರುವ ಸದಸ್ಯರು ಕಡಿಮೆ. ಇದ್ದವರು ಪಿನ್ ಅನ್ನು ಗಿರಾಕಿಯೇ ಒತ್ತುವಂತೆ ಯಂತ್ರವನ್ನು ಅವರ ಕೈಗೆ ಕೊಡಿ. 2021ರಿಂದ 5,000 ರೂ. ವರೆಗೆ ಪಿನ್ ಇಲ್ಲದೆ ಕಾರ್ಡ್ ತಾಗಿಸಿ ಕೊಡಬಹುದಾದ್ದರಿಂದ, ಒಬ್ಬನೇ ಹಲವು ಬಾರಿ ತಾಗಿಸುತ್ತಿದ್ದರೆ, ಅಥವಾ ಒಂದಾದ ಮೇಲೊಂದು ಬೇರೆ ಬೇರೆ ಕಾರ್ಡ್ ತೆಗೆಯುತ್ತಿದ್ದರೆ ಅನುಮಾನ ಪಡಿ. ಸರಕು ವಾಪಸ್ಸಾದರೆ ಹಣ ಅದೇ ಕಾರ್ಡಿಗೆ ಹಿಂದಿರುಗಬೇಕು, ನಗದು ಕೊಡಬೇಡಿ. ಕದ್ದ ಕಾರ್ಡಿನ ವ್ಯಾಪಾರವೆಂದು ಆಮೇಲೆ ತಿಳಿದರೆ ಬ್ಯಾಂಕು ಆ ಹಣವನ್ನು ನಿಮ್ಮ ಖಾತೆಯಿಂದ ಹಿಂದಕ್ಕೆ ಎಳೆಯಬಹುದು. ಆಗ ನಿಮ್ಮ ಕೈಯಲ್ಲಿ ಇರಬೇಕಾದದ್ದು ಬಿಲ್ಲು ಮತ್ತು ಯಂತ್ರದ ಚೀಟಿ.

ಬಹಳ ಜನ ಗಮನಿಸದ ಇನ್ನೊಂದು ಅಪಾಯವಿದೆ. ಕೊಳ್ಳುವವನು ನಿಜವಾಗಿಯೇ ಹಣ ಹಾಕಿರುತ್ತಾನೆ, ಆದರೆ ಅದು ಬೇರೆಯವರಿಂದ ಕದ್ದ ಹಣ. ಪೊಲೀಸರು ಆ ಹಣದ ಜಾಡು ಹಿಡಿದು ಬಂದಾಗ ನಿಮ್ಮ ಖಾತೆಯೂ ತಡೆಹಿಡಿಯಲ್ಪಡಬಹುದು. ಬಟವಾಡೆಯೂ ಅದೇ ಖಾತೆಗೆ ಬರುತ್ತಿದ್ದರೆ ಮನೆಯ ಖರ್ಚೇ ನಿಂತುಹೋಗುತ್ತದೆ. ಆದ್ದರಿಂದ ಬಟವಾಡೆಯ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ ಇಟ್ಟುಕೊಳ್ಳುವುದು ಲೇಸು. ರಾಸು ಮಾರುವಾಗ ಒಂದು ಹಾಳೆಯ ಮೇಲೆ ಕೊಳ್ಳುವವನ ಹೆಸರು, ಊರು, ವಾಹನದ ನಂಬರು, ರಾಸಿನ ಕಿವಿಯೋಲೆಯ 12 ಅಂಕಿ ಬರೆದು ಇಬ್ಬರೂ ಸಹಿ ಹಾಕಿ. ಯುಪಿಐ ವ್ಯವಹಾರಕ್ಕೂ 12 ಅಂಕಿಯ ಸಂಖ್ಯೆ ಇರುತ್ತದೆ, ಅದನ್ನೂ ಕೆಳಗೆ ಬರೆಯಿರಿ. ನೀವು ನ್ಯಾಯವಾಗಿ ಮಾರಿದ್ದೀರಿ ಎಂಬುದಕ್ಕೆ ಈ ಹಾಳೆಯೇ ಆಧಾರ.

ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಲೇ ಇರುತ್ತಾರೆ. ಅದು ನಗದಾಗುವ ಮೊದಲು ದೂರು ದಾಖಲಾದರೆ ನಡುದಾರಿಯಲ್ಲಿ ತಡೆಯುವ ಅವಕಾಶ ಉಂಟು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಆ ಅವಕಾಶವೂ ಹೋಗುತ್ತದೆ. ನಿಮ್ಮ ಬ್ಯಾಂಕಿಗೂ ಅದೇ ದಿನ ತಿಳಿಸಿ. ಗ್ರಾಹಕರು ತಾವೇ ಗುಟ್ಟು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು. ದೂರು ಕೊಡಲು ಹೋಗುವಾಗ ಪಾಸ್‌ಬುಕ್, ಆ 12 ಅಂಕಿಯ ಸಂಖ್ಯೆ, ಕರೆ ಬಂದ ನಂಬರು, ಅವನು ಕಳಿಸಿದ ಚಿತ್ರಗಳು ಜೊತೆಗಿರಲಿ. ಸಿಟ್ಟಿನಲ್ಲಿ ಮೊಬೈಲಿನಿಂದ ಏನನ್ನೂ ಅಳಿಸಬೇಡಿ.