ಬಹುಮಾನ ಇಟ್ಟರೆ ಕೆಲಸ ಬೇಗ ಆಗುತ್ತದೆಯೇ?

ಮಕ್ಕಳೇ, ಕಾಸರಗೋಡು, ಸೊಲ್ಲಾಪುರ ಕಡೆ ಬೀಡಿ ಸುತ್ತುವವರನ್ನು ನೋಡಿದ್ದೀರಾ? ಅವರ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಹೆಚ್ಚು ಸುತ್ತಿದರೆ ಹೆಚ್ಚು ಕೂಲಿ. ಹಾಗಾಗಿ ಬೆರಳು ಚುರುಕಾಗುತ್ತದೆ. ಎಲ್ಲ ಕೆಲಸಕ್ಕೂ ಇದೇ ನಿಯಮ ಅಂತೀರಾ?

1962ರಲ್ಲಿ ಮನೋವಿಜ್ಞಾನಿ ಸ್ಯಾಮ್ ಗ್ಲಕ್ಸ್‌ಬರ್ಗ್ ತಮ್ಮ ಒಂದು ಪ್ರಯೋಗವನ್ನು ಪ್ರಕಟಿಸಿದರು. ಎದುರಿಗೆ ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಡಬ್ಬಿ ತುಂಬ ಡ್ರಾಯಿಂಗ್ ಪಿನ್ನು. ಮೇಣ ಕೆಳಗೆ ಸುರಿಯದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಬೇಗ ಮುಗಿಸಿದವರಿಗೆ ಹಣ ಕೊಡುತ್ತೇವೆಂದು ಒಂದು ಗುಂಪಿಗೆ ಹೇಳಿದರು. ಇನ್ನೊಂದಕ್ಕೆ ಹಣದ ಮಾತಿಲ್ಲ. ಆಶ್ಚರ್ಯ! ಹಣದ ಗುಂಪಿಗೇ ಸರಾಸರಿ 3 ನಿಮಿಷಕ್ಕಿಂತ ಹೆಚ್ಚು ತಡವಾಯಿತು.

ಏಕೆ? ಡಬ್ಬಿ ಖಾಲಿ ಮಾಡಿ, ಅದನ್ನು ಪಿನ್ನಿನಿಂದ ಗೋಡೆಗೆ ಚುಚ್ಚಿ, ಅದರಲ್ಲಿ ಬತ್ತಿ ನಿಲ್ಲಿಸುವುದೇ ಉತ್ತರ. ಡಬ್ಬಿ ಇರುವುದು ಪಿನ್ನು ಇಡಲಿಕ್ಕೆ ಮಾತ್ರ ಎಂದುಕೊಂಡರೆ ಇದು ಹೊಳೆಯೋದಿಲ್ಲ. ಅವಸರಪಟ್ಟವರಿಗೆ ಇನ್ನೂ ಕಷ್ಟ. ಪಿನ್ನುಗಳನ್ನು ಡಬ್ಬಿಯಿಂದ ಹೊರಗಿಟ್ಟು ಕೊಟ್ಟಾಗ ದಾರಿ ಎದುರಿಗೇ ಕಂಡಿತು. ಆಗ ಹಣದ ಗುಂಪೇ ಮುಂದು.

ತಿಳಿಯಬೇಕಾದದ್ದು: ದಾರಿ ಗೊತ್ತಿರುವ ಕೆಲಸಕ್ಕೆ ಬಹುಮಾನ ವೇಗ ಕೊಡುತ್ತದೆ. ದಾರಿ ಹುಡುಕಬೇಕಾದ ಕೆಲಸದಲ್ಲಿ ಅದೇ ಅಡ್ಡಿಯಾಗಬಹುದು. ಹೊಸ ಬಗೆಯ ಲೆಕ್ಕ ಬಿಡಿಸುವಾಗ ಅಂಕದ ಚಿಂತೆಯನ್ನು ತುಸು ಬದಿಗಿಟ್ಟು ನೋಡಿ.

ಮಾಡಿ ನೋಡಿ: ಉತ್ತರ ತಿಳಿಯದ ಗೆಳೆಯರನ್ನು ಎರಡು ಗುಂಪು ಮಾಡಿ. ಒಂದಕ್ಕೆ ಪಿನ್ನು ಡಬ್ಬಿಯೊಳಗೆ, ಇನ್ನೊಂದಕ್ಕೆ ಹೊರಗೆ ಇಟ್ಟು ಕೊಡಿ. ಬತ್ತಿ ಹಚ್ಚಬೇಡಿ. ಎಷ್ಟು ನಿಮಿಷ ಹಿಡಿಯಿತು, ಬರೆದಿಡಿ. ಯಾವ ಗುಂಪಿಗೆ ಬೇಗ ಹೊಳೆಯಿತು? ಏಕೆ?