ಅಟ್ಟದ ಮೇಲಿನ ಡೆಡ್ ಸ್ಟಾಕ್

ಪೀಣ್ಯ ಎರಡನೇ ಹಂತದ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕ ಬರೆದವರಿಗೆ ಮಾರ್ಚ್ 31 ಅಂದರೆ ಸ್ಟಾಕ್ ಟೇಕಿಂಗ್. ನಾನು ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದೇನೆ. ಬೇರಿಂಗು, ಬೋಲ್ಟು, ಆಯಿಲ್ ಸೀಲು ಎಲ್ಲವನ್ನೂ ಎಣಿಸಿ, ಒಂದೊಂದರ ಬಿನ್ ಕಾರ್ಡಿನ ಕೊನೇ ಸಾಲು ನೋಡಬೇಕು. ಈ ಮಾಲು ಸ್ಟೋರ್ಸ್‌ನಿಂದ ಹೊರಗೆ ಹೋಗಿ ಎಷ್ಟು ಕಾಲವಾಯಿತು? ಅದರ ಮೇಲೆ ಫಾಸ್ಟ್ ಮೂವಿಂಗ್, ಸ್ಲೋ ಮೂವಿಂಗ್, ನಾನ್ ಮೂವಿಂಗ್ ಎಂದು ಮೂರು ಪಾಲು. ಮೂರನೇ ಪಾಲಿನ ರ‍್ಯಾಕ್ ಮುಂದೆ ನಿಂತಾಗಲೆಲ್ಲ ನಮ್ಮ ಸ್ಟೋರ್‌ಕೀಪರ್ ಹೇಳುತ್ತಿದ್ದುದು ಒಂದೇ ಮಾತು: “ಇರ್ಲಿ ಬಿಡಿ ಸಾರ್, ಯಾವಾಗ್ಲಾದ್ರೂ ಬೇಕಾಗುತ್ತೆ.”

ಬ್ಯಾಂಕಿಗೆ ಆ ಮಾತು ನಾಟುವುದಿಲ್ಲ. ಸಣ್ಣ ಘಟಕಗಳು ನಡೆಯುವುದೇ ಕ್ಯಾಶ್ ಕ್ರೆಡಿಟ್ ಸಾಲದಲ್ಲಿ. ಆ ಸಾಲಕ್ಕೆ ಸ್ಟಾಕೇ ಆಧಾರ; ಆದರೆ ಬಹಳ ಕಾಲ ಅಲ್ಲಾಡದ ಮಾಲನ್ನು ಬ್ಯಾಂಕಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಡಿಟರ್ ಇನ್ನೂ ಬಿಗಿ. ಕೊಂಡ ಬೆಲೆ ಒಂದು, ಈಗ ಮಾರಿದರೆ ಕೈಗೆ ಬರುವ ಬೆಲೆ ಇನ್ನೊಂದು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬರೆಯಬೇಕು. ಮನೆಗೆ ಬಂದರೆ ಮಾತ್ರ ನಾವೆಲ್ಲ ಕೊಂಡ ಬೆಲೆಯನ್ನೇ ಜಪಿಸುತ್ತೇವೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ 40 ಸವಕಳಿ. 60,000 ರೂಪಾಯಿಯ ಲ್ಯಾಪ್‌ಟಾಪು ಮೂರು ವರ್ಷ ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿ 12,960ಕ್ಕೆ ಇಳಿದಿರುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಸವಕಳಿ ನಿಲ್ಲುವುದಿಲ್ಲ.

ಈಗ ನಾವಿರುವುದು ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆ ಕಡೆ, ಬಾಡಿಗೆಯ ಟು ಬಿಎಚ್‌ಕೆಯಲ್ಲಿ. ಹೆಂಡತಿಗೆ ಇಲ್ಲೇ ಐಟಿ ಕೆಲಸ. 2020ರ ಲಾಕ್‌ಡೌನಿನಲ್ಲಿ ಈ ಭಾಗದ ಎಷ್ಟೋ ಮನೆಗಳಿಗೆ ಆಫೀಸ್ ಟೇಬಲ್ಲು, ಚಕ್ರದ ಕುರ್ಚಿ, ಎರಡನೇ ಮಾನಿಟರು ಬಂದವು. ಆಮೇಲೆ ಕಂಪನಿಗಳು ಜನರನ್ನು ವಾಪಸು ಕರೆದುಕೊಂಡವು, ಟೇಬಲ್ಲನ್ನು ಯಾರೂ ಕರೆಯಲಿಲ್ಲ. ನಮ್ಮ ಟೇಬಲ್ಲಿನ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆಯ ಗಂಟು, ಅಡಿಯಲ್ಲಿ ಟಿವಿಯ ಖಾಲಿ ಡಬ್ಬ. “ಶಿಫ್ಟ್ ಮಾಡುವಾಗ ಬೇಕಾಗುತ್ತೆ” ಎಂದು ಇಟ್ಟ ಡಬ್ಬ ಅದು. ಅದು ಹಿಡಿಸಲಿ ಎಂದೇ ದೊಡ್ಡ ಮನೆಗೆ ಶಿಫ್ಟ್ ಮಾಡಬೇಕಾದೀತು.

ಹೇಳಿದ್ದು ತಮಾಷೆಗಲ್ಲ. ಸಾವಿರ ಚದರಡಿ ಮನೆಗೆ 30,000 ಬಾಡಿಗೆ ಎಂದಿಟ್ಟುಕೊಳ್ಳಿ. ಚದರಡಿಗೆ ತಿಂಗಳಿಗೆ 30 ರೂಪಾಯಿ. ಟೇಬಲ್ಲು, ಕುರ್ಚಿ, ಅದನ್ನು ಎಳೆದು ಕೂರುವ ಜಾಗ ಸೇರಿ 20 ಚದರಡಿ. ತಿಂಗಳಿಗೆ 600, ವರ್ಷಕ್ಕೆ 7,200. ಹಳೇ ಟೇಬಲ್ಲು ಮಾರಿದರೆ ಅದರ ಅರ್ಧವೂ ಹುಟ್ಟುವುದಿಲ್ಲ.

ಟೇಬಲ್ಲು ಆಚೆ ಹಾಕಿದರೆ ಓನರ್ 600 ರೂಪಾಯಿ ಇಳಿಸುತ್ತಾರಾ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಸಾಮಾನು ಕಡಿಮೆ ಮಾಡಿ ಎಂದು ಉಪದೇಶಿಸುವವರು ಈ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ. ಗುಜರಿಗೆ ಹಾಕಿ ಯಾರೂ ಶ್ರೀಮಂತರಾಗಿಲ್ಲ. ದುಡ್ಡಿನ ಮಾತು ಬರುವುದು ಮನೆ ಬದಲಿಸುವಾಗ. “ರೀ, ಈ ಮನೆ ಸಾಲ್ತಾನೇ ಇಲ್ಲ” ಎಂದು ಹೆಂಡತಿ ಅಂದಳು. ನನಗೂ ಹಾಗೇ ಅನ್ನಿಸಿತ್ತು. ಭಾನುವಾರಗಳಲ್ಲಿ ತ್ರೀ ಬಿಎಚ್‌ಕೆ ನೋಡಲು ಹೊರಟೆವು. ತಿಂಗಳ ಬಾಡಿಗೆಯಲ್ಲೇ 12,000 ವ್ಯತ್ಯಾಸ. ಅಡ್ವಾನ್ಸ್ ಆರು ತಿಂಗಳದು, ಅಂದರೆ ಇನ್ನೂ 72,000 ರೂಪಾಯಿ ಬಡ್ಡಿಯಿಲ್ಲದೆ ಓನರ್ ಬಳಿ ಕೂರುತ್ತದೆ. (ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಬೆಂಗಳೂರಿನ ಓನರ್‌ಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ.) ಮೇಲೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಪ್ಯಾಕರ್ಸ್‌ನವರ ಖರ್ಚು, ಹಳೇ ಮನೆಯ ಪೇಂಟಿಂಗ್ ಹೆಸರಿನಲ್ಲಿ ಮುರಿದುಕೊಳ್ಳುವ ಹಣ. ಲೆಕ್ಕ ಹಾಕಿ ನೋಡಿದರೆ ಮೂರನೇ ರೂಮು ಬೇಕಾಗಿದ್ದದ್ದು ನಮಗಲ್ಲ, ಸಾಮಾನಿಗೆ.

ಹಾಗಾಗಿ ಪೀಣ್ಯದ ಪದ್ಧತಿಯನ್ನೇ ಮನೆಗೆ ತಂದೆ. ಅಲ್ಲಿ 5ಎಸ್ ಎಂಬ ಜಪಾನಿ ಶಿಸ್ತು ಇರುವ ಶಾಪ್‌ಗಳಲ್ಲಿ, ಬೇಕೋ ಬೇಡವೋ ಗೊತ್ತಿಲ್ಲದ ವಸ್ತುವಿಗೆ ಕೆಂಪು ಟ್ಯಾಗ್ ಕಟ್ಟುತ್ತಾರೆ. ಟ್ಯಾಗಿನ ಮೇಲೆ ವಸ್ತುವಿನ ಹೆಸರು, ಎಷ್ಟಿದೆ, ಯಾರದು, ಕಟ್ಟಿದ ತಾರೀಖು. ಗೊತ್ತುಪಡಿಸಿದ ದಿನದೊಳಗೆ ಯಾರೂ ಬಂದು ಕೇಳದಿದ್ದರೆ ವಿಲೇವಾರಿ. ನಾನೂ ಕೆಂಪು ಕಾಗದ ಕತ್ತರಿಸಿ ತಾರೀಖು ಬರೆದು ಅಂಟಿಸಿದೆ. ಮದುವೆಗಳಲ್ಲಿ ಬಂದ ಡಿನ್ನರ್ ಸೆಟ್ಟುಗಳು, ಜಾರ್ ಸೀಳಿದ ಮಿಕ್ಸಿ, ಬ್ಯಾಟರಿ ಊದಿಕೊಂಡ ಫೋನುಗಳು, ಯಾವ ಯಂತ್ರದ್ದೆಂದು ಗೊತ್ತಿಲ್ಲದ ಚಾರ್ಜರುಗಳು. ದೀಪಾವಳಿ ದಾಟಿತು. ಯಾವುದನ್ನೂ ಯಾರೂ ಕೇಳಲಿಲ್ಲ.

ಕೆಲವಕ್ಕೆ ಟ್ಯಾಗ್ ಬೀಳಲಿಲ್ಲ. ಕಾರ್ಖಾನೆಯಲ್ಲಿ ವೈಟಲ್ ಎಂದೊಂದು ಪಟ್ಟಿ ಇರುತ್ತದೆ. ಮೆಷಿನ್ನಿನ ಸ್ಪಿಂಡಲ್ ಬೇರಿಂಗ್ ವರ್ಷಗಟ್ಟಲೆ ಅಲ್ಲಾಡದಿದ್ದರೂ ಇರಲೇಬೇಕು. ಕೈಗೆ ಸಿಗದಿದ್ದ ದಿನ ಕೆಲಸವೇ ನಿಲ್ಲುತ್ತದೆ. ಮನೆಯಲ್ಲಿ ಟೂಲ್ ಬಾಕ್ಸು, ಇನ್ವರ್ಟರು, ದಾಖಲೆಗಳ ಟ್ರಂಕು ಆ ಜಾತಿ. ಇನ್ನು ಹಿತ್ತಾಳೆ ಹಂಡೆ. ಟ್ಯಾಗ್ ಹಿಡಿದು ಅದರ ಹತ್ತಿರ ಹೋದದ್ದನ್ನು ನೋಡಿ ಅಮ್ಮ, “ಅದು ನಮ್ಮತ್ತೆದು ಕಣೋ” ಅಂದರು. ಯಾವ ಪಟ್ಟಿಗೂ ಸೇರಿಸದೆ ಬಿಟ್ಟೆ. ಎಲ್ಲವನ್ನೂ ಚದರಡಿಯಲ್ಲಿ ಅಳೆಯುವ ಲೆಕ್ಕಿಗ ಮನೆಯಲ್ಲಿ ಬಹಳ ದಿನ ಬಾಳಲಾರ.

ಟೇಬಲ್ಲು, ಕುರ್ಚಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೇ ಹೋದವು. ಕೊಂಡವನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಲಬುರಗಿ ಕಡೆಯ ಹುಡುಗ. “ಸ್ವಲ್ಪ ಕಡಿಮಿ ಮಾಡ್ಕೊಳ್ರಿ ಸರ” ಎಂದ. ಮಾಡಿಕೊಟ್ಟೆ. ಎರಡೂ ಸೇರಿ ಬಂದದ್ದು 3,000. ಫೋನು, ಚಾರ್ಜರುಗಳನ್ನು ಮಾತ್ರ ಗುಜರಿಯವರಿಗೆ ಹಾಕಬೇಡಿ. ತಾಮ್ರಕ್ಕಾಗಿ ವೈರು ಸುಡುವುದು ಆ ದಂಧೆಯ ಕೊಳಕು ಭಾಗ. ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ ಇ-ಪರಿಸರ ಇರುವುದು ಪೀಣ್ಯದಿಂದ ತುಮಕೂರು ರಸ್ತೆಯಲ್ಲೇ ಮುಂದೆ, ದಾಬಸ್‌ಪೇಟೆಯಲ್ಲಿ. ಅಂಥ ಅಧಿಕೃತ ಘಟಕಗಳಿಗೇ ಕೊಡಿ.

ಒಂದು ಮಾತು ಹೇಳಲೇಬೇಕು. ಲಗ್ಗೆರೆ, ಹೆಗ್ಗನಹಳ್ಳಿಯ ಒಂಟಿ ರೂಮುಗಳಲ್ಲಿ ನಾಲ್ಕೈದು ಜನ ಸೇರಿ ಇರುವ ಪೀಣ್ಯದ ಕಾರ್ಮಿಕರ ಹತ್ತಿರ ಒಂದು ಟ್ರಂಕು, ಒಂದು ಚಾಪೆ, ಒಂದು ಸ್ಟೌ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅವರ ಮುಂದೆ ಕಡಿಮೆ ಸಾಮಾನಿನ ಸುಖದ ಮಾತಾಡುವುದು ಅಸಭ್ಯ. ಬೇಕೆಂದಾಗ ಮತ್ತೆ ಕೊಳ್ಳಬಲ್ಲವರಿಗೆ ಮಾತ್ರ ಎಸೆಯುವುದು ಸುಲಭ. ಹಾರ್ಲಿಕ್ಸ್ ಡಬ್ಬದಲ್ಲಿ ಹಳೇ ನಟ್ಟು ಬೋಲ್ಟು ಕೂಡಿಟ್ಟು ಅದರಲ್ಲೇ ಫ್ಯಾನು ರಿಪೇರಿ ಮಾಡಿಕೊಳ್ಳುವವನ ಲೆಕ್ಕ ಸರಿಯಾಗಿಯೇ ಇದೆ. ನನ್ನ ಮಾತೇನಿದ್ದರೂ, ನೋ ಕಾಸ್ಟ್ ಇಎಂಐ ಎಂದು ನಂಬಿ ಕೊಂಡು, ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿಯನ್ನು ಗಮನಿಸದವರಿಗೆ. ನಮ್ಮಂಥವರಿಗೆ.

ನಾವು ಅದೇ ಟು ಬಿಎಚ್‌ಕೆಯಲ್ಲಿ ಉಳಿದೆವು. ಟೇಬಲ್ಲಿದ್ದ ರೂಮಿನಲ್ಲಿ ಈಗ ಅಮ್ಮ ಮಲಗುತ್ತಾರೆ. ಉಳಿದ 12,000ಕ್ಕೆ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ಮಾಡಿದೆವು. ತೆರೆದಾಗ ಬಡ್ಡಿ ಶೇ 6.7 ಇತ್ತು. ಕಟ್ಟುವುದು 7.2 ಲಕ್ಷ, ಕೊನೆಗೆ ಬರುವುದು ಸುಮಾರು 8.56 ಲಕ್ಷ.

ನಿಮ್ಮ ಬಾಡಿಗೆ ಕರಾರೂ ಬಹುಶಃ 11 ತಿಂಗಳದ್ದೇ ಇರುತ್ತದೆ. ಮನೆ ಸಾಲದು ಅನ್ನಿಸಿದರೆ ಬ್ರೋಕರ್‌ಗೆ ಫೋನ್ ಮಾಡುವ ಮೊದಲು ಒಂದು ಸ್ಟೂಲ್ ಹಾಕಿಕೊಂಡು ಅಟ್ಟದ ಮೇಲೆ ಇಣುಕಿ ನೋಡಿ.