ಗಡಿ ದಾಟುವ ಹಾದಿ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಎತ್ತಿನ ಬೆನ್ನಿನ ಮೇಲೆ ಉಪ್ಪನ್ನೋ ಮೆಣಸನ್ನೋ ಹೇರಿಕೊಂಡು ಘಟ್ಟವನ್ನು ಹತ್ತಿ ಇಳಿಯುತ್ತಿದ್ದ ವರ್ತಕನು ಒಂದು ನಾಡಿನ ಎಲ್ಲೆಯನ್ನು ದಾಟಿ ಮತ್ತೊಂದು ನಾಡನ್ನು ಹೊಗುವಾಗ ಸುಂಕದ ಕಟ್ಟೆಯ ಮುಂದೆ ನಿಲ್ಲಲೇಬೇಕಾಗಿತ್ತು. ಅವನ ಎತ್ತು ಕುಂಟುತ್ತಿರಲಿ, ಮಳೆಯಲ್ಲಿ ಉಪ್ಪು ಕರಗುತ್ತಿರಲಿ, ಕಟ್ಟೆಯವನಿಗೆ ಬೇಕಾದುದು ಹೇರಿನ ಲೆಕ್ಕವೊಂದೇ. ಸುಂಕದಕಟ್ಟೆ ಎಂಬ ಸ್ಥಳನಾಮವು ನಮ್ಮ ನಾಡಿನ ಹಲವೆಡೆ ಇಂದಿಗೂ ಉಳಿದಿದೆ. ಎತ್ತು ಹೋಗಿ ಲಾರಿ ಬಂದಿದೆ. ಆದರೆ ಎಲ್ಲೆಯಲ್ಲಿ ಯಾರನ್ನು ತಡೆಯಬೇಕು, ಯಾರನ್ನು ತಡೆಯದೆ ಬಿಡಬೇಕು ಎಂಬ ಪ್ರಶ್ನೆ ಮಾತ್ರ ಹೋಗಿಲ್ಲ.

ಉಡುಪಿ ನಗರದ ಬನ್ನಂಜೆಯಲ್ಲಿ ರಾಜ್ಯ ಸಾರಿಗೆ ಸಂಸ್ಥೆಯ ಬಸ್ ನಿಲ್ದಾಣವಿದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟವನು ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ಕಾಪು, ಪಡುಬಿದ್ರಿ, ಮೂಲ್ಕಿಗಳನ್ನು ಹಾದು ಮಂಗಳೂರನ್ನು ಸೇರಿ, ನೇತ್ರಾವತಿಯನ್ನು ದಾಟಿ ತಲಪಾಡಿಗೆ ಬರುತ್ತಾನೆ. ಅಲ್ಲಿಗೆ ಕರ್ನಾಟಕ ಮುಗಿದು ಕೇರಳದ ಮಂಜೇಶ್ವರ ಆರಂಭವಾಗುತ್ತದೆ. ಕಣ್ಣಿಗೆ ಯಾವ ಭೇದವೂ ಕಾಣದು. ಎರಡೂ ಕಡೆ ಅದೇ ತೆಂಗಿನ ತೋಟ, ಅದೇ ಹಂಚಿನ ಮನೆ; ತುಳು, ಕನ್ನಡಗಳ ಮಾತು ಎರಡೂ ಕಡೆ ಕೇಳಿಬರುತ್ತದೆ. ಆದರೆ ಮಂಗಳೂರಿನಿಂದ ಬಂದ ಖಾಸಗಿ ಬಸ್ಸು ಅಲ್ಲಿಯೇ ನಿಂತು ಹಿಂದಿರುಗುತ್ತದೆ. ಪ್ರಯಾಣಿಕನು ಇಳಿದು, ನಾಲ್ಕು ಹೆಜ್ಜೆ ನಡೆದು, ಆಚೆ ಕಡೆಯ ಬಸ್ಸನ್ನು ಹತ್ತಬೇಕು. ಗಡಿಯನ್ನು ನೇರವಾಗಿ ದಾಟುವ ಬಸ್ಸುಗಳು ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳಿಗೆ ಸೇರಿದವು.

ಈ ಗಡಿಯು ಪ್ರಾಚೀನವಾದುದೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಉಡುಪಿ, ಮಂಗಳೂರುಗಳಂತೆಯೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಇಡೀ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ಆಗ ತಲಪಾಡಿಯಲ್ಲಿ ಗಡಿಯಿರಲಿಲ್ಲ. ಗಡಿಯಿದ್ದುದು ಆಗುಂಬೆಯ ಘಟ್ಟದಲ್ಲಿ. ಘಟ್ಟದ ಬುಡದ ಸೋಮೇಶ್ವರ ಮದರಾಸಿಗೆ ಸೇರಿದ್ದರೆ ನೆತ್ತಿಯ ಆಗುಂಬೆ ಮೈಸೂರಿಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ಆ ದಿನ ಆಗುಂಬೆಯ ಗಡಿ ಅಳಿಸಿಹೋಗಿ ತಲಪಾಡಿಯಲ್ಲಿ ಹೊಸದೊಂದು ಮೂಡಿತು. ಚಂದ್ರಗಿರಿ ನದಿಯ ಉತ್ತರ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದರೂ ಅದು ಕಾರ್ಯಗತವಾಗಲಿಲ್ಲ. ಇದೇ ಕರಾವಳಿಯ ಹೆದ್ದಾರಿಯ ಉತ್ತರ ತುದಿಯಲ್ಲಿ, ಕಾರವಾರದ ಆಚೆ, 1961ರ ಡಿಸೆಂಬರ್‌ವರೆಗೆ ಗೋವೆಯು ಪೋರ್ಚುಗೀಸರ ಕೈಯಲ್ಲಿತ್ತು. ನಮ್ಮ ರಾಜ್ಯಕ್ಕೂ ಕೆಲವು ವರ್ಷ ಒಂದು ವಿದೇಶದ ಗಡಿ ಇತ್ತೆಂಬುದನ್ನು ಇಂದು ನೆನೆಯುವವರು ಕಡಿಮೆ.

ಒಂದು ರಾಜ್ಯದ ಬಸ್ಸು ಮತ್ತೊಂದು ರಾಜ್ಯದಲ್ಲಿ ಓಡಲು ಅನುಮತಿಯೇಕೆ ಬೇಕು? ರಸ್ತೆಯನ್ನು ಕಟ್ಟಿ ಕಾಪಾಡುವುದು ಹಣದ ಕೆಲಸ. ವಾಹನ ತೆರಿಗೆಯನ್ನು ಒಂದು ಸರಕಾರಕ್ಕೆ ಕೊಟ್ಟು, ಮತ್ತೊಂದು ಸರಕಾರದ ರಸ್ತೆಯನ್ನು ಸವೆಸುವುದು ನ್ಯಾಯವಲ್ಲ. ಅಪಘಾತವಾದರೆ ವಾಹನದ ಒಡೆಯನಾರು, ವಿಮೆ ಇದೆಯೇ, ಚಾಲಕನಿಗೆ ಪರವಾನಿಗೆ ಇದೆಯೇ ಎಂಬುದು ತಿಳಿಯಬೇಕು. ಆದುದರಿಂದ 1988ರ ಮೋಟಾರು ವಾಹನ ಕಾಯಿದೆಯು ಒಂದು ನಿಯಮವನ್ನು ಮಾಡಿತು: ಒಂದು ರಾಜ್ಯ ಕೊಟ್ಟ ರಹದಾರಿಗೆ, ಎಂದರೆ ಜನರ ಮಾತಿನ ಪರ್ಮಿಟ್ಟಿಗೆ, ನೆರೆಯ ರಾಜ್ಯದ ಅಧಿಕಾರಿಯ ಮೇಲುರುಜು ಬಿದ್ದಲ್ಲದೆ ಅದು ಸಾಮಾನ್ಯವಾಗಿ ಅಲ್ಲಿ ಊರ್ಜಿತವಾಗದು. ಯಾವ ಮಾರ್ಗದಲ್ಲಿ ಎಷ್ಟು ರಹದಾರಿಗಳು ಎಂಬುದನ್ನು ಎರಡು ಸರಕಾರಗಳೂ ಕೂಡಿ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಅಂಥ ಒಪ್ಪಂದದ ಪ್ರಸ್ತಾಪವನ್ನು ಮೊದಲು ರಾಜ್ಯಪತ್ರದಲ್ಲಿಯೂ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಿ, ಆಕ್ಷೇಪಣೆಗಳಿಗಾಗಿ ಕನಿಷ್ಠ 30 ದಿನಗಳ ಅವಕಾಶ ಕೊಡಬೇಕು. ಬಸ್ಸಿನ ಕಿಟಕಿಯ ಬಳಿ ಕುಳಿತು ನಿದ್ರಿಸುವ ಪ್ರಯಾಣಿಕನಿಗೆ ಇದೊಂದೂ ಗೊತ್ತಾಗದು. ಗೊತ್ತಾಗದೆ ಇರುವಷ್ಟು ಸಲೀಸಾಗಿ ನಡೆದರೆ ವ್ಯವಸ್ಥೆ ಚೆನ್ನಾಗಿದೆಯೆಂದೇ ಅರ್ಥ.

ಇನ್ನೊಂದು ಕಡೆ, ಭಾರತದಾದ್ಯಂತ ವ್ಯಾಪಾರ, ವಾಣಿಜ್ಯ ಮತ್ತು ಸಂಚಾರಗಳು ಮುಕ್ತವಾಗಿರಬೇಕೆಂದು ಸಂವಿಧಾನದ 301ನೆಯ ಅನುಚ್ಛೇದವು ಸಾರುತ್ತದೆ. ನಿಯಂತ್ರಣವೂ ಸ್ವಾತಂತ್ರ್ಯವೂ ಹೇಗೆ ಒಟ್ಟಿಗಿರಬಲ್ಲವು ಎಂಬ ಸಂದೇಹ ಸಹಜ. ರಾಜಸ್ಥಾನದ ಮೋಟಾರು ತೆರಿಗೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಇದನ್ನು ವಿಚಾರಿಸಿತು. ಸಂಚಾರವನ್ನು ಸುಗಮಗೊಳಿಸುವ ಕಟ್ಟುಪಾಡುಗಳು ಸ್ವಾತಂತ್ರ್ಯಕ್ಕೆ ಅಡ್ಡಿಯಾಗವು ಎಂಬುದು ಆ ತೀರ್ಪಿನ ತಿರುಳು. ಎಡಬದಿಯಲ್ಲಿಯೇ ಚಲಿಸಬೇಕೆಂಬ ನಿಯಮವಿಲ್ಲದಿದ್ದರೆ ಯಾರೂ ಸ್ವತಂತ್ರರಾಗಿ ಚಲಿಸಲಾರರಷ್ಟೆ?

ಸರಕಿನ ಲಾರಿಯ ಕಥೆಯೇ ಬೇರೆ. ಮಲ್ಪೆಯ ಬಂದರಿನಲ್ಲಿ ಮಂಜುಗಡ್ಡೆಯ ನಡುವೆ ಮೀನು ತುಂಬಿಕೊಂಡು ಕೇರಳದ ಕಡೆಗೆ ಹೊರಟ ಲಾರಿಗೆ ಕಾಲವೇ ಬಂಡವಾಳ. ಮಂಜು ಕರಗಿ ನೀರು ಹೆದ್ದಾರಿಗೆ ತೊಟ್ಟಿಕ್ಕುತ್ತಿರುವಾಗ, ತಪಾಸಣಾ ಠಾಣೆಯ ಸಾಲಿನಲ್ಲಿ ಕಳೆದ ಒಂದೊಂದು ಗಂಟೆಗೂ ಮೀನಿನ ಬೆಲೆ ಇಳಿಯುತ್ತದೆ. ಹಿಂದೆ ರಾಷ್ಟ್ರೀಯ ರಹದಾರಿ ಬೇಕಾದ ಲಾರಿಯ ಒಡೆಯನು ಕನಿಷ್ಠ ನಾಲ್ಕು ರಾಜ್ಯಗಳನ್ನು ಆರಿಸಿಕೊಂಡು ಒಂದೊಂದಕ್ಕೂ ಪ್ರತ್ಯೇಕವಾಗಿ ಹಣ ಕಟ್ಟಬೇಕಾಗಿತ್ತು. 2010ರಿಂದ ಇಡೀ ದೇಶಕ್ಕೆ ಒಂದೇ ಶುಲ್ಕ. ಆ ಹಣವನ್ನು ರಾಜ್ಯಗಳಿಗೆ ಹಂಚಲಾಗುತ್ತದೆ. ಇದಕ್ಕೂ ಒಂದು ಮಿತಿಯುಂಟು. ಉಡುಪಿಯ ಲಾರಿಯು ಮಲ್ಪೆಯ ಮೀನನ್ನು ಕೊಚ್ಚಿಗೆ ಒಯ್ಯಬಹುದು. ಆದರೆ ಕೊಚ್ಚಿಯಲ್ಲಿ ಸರಕು ತುಂಬಿ ತ್ರಿಶೂರಿನಲ್ಲಿ ಇಳಿಸುವಂತಿಲ್ಲ. ಅದು ಅಲ್ಲಿನ ಲಾರಿಗಳ ಅನ್ನ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆಯ ಠಾಣೆಗಳನ್ನು ತೆಗೆದುಹಾಕಲಾಯಿತು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸರಕಿಗೆ ಇ-ವೇ ಬಿಲ್ಲು ಎಂಬ ವಿದ್ಯುನ್ಮಾನ ಪತ್ರ ಕಡ್ಡಾಯವಾಯಿತು. ಕಟ್ಟೆಯ ಲೆಕ್ಕವು ಲಾರಿ ಹೊರಡುವ ಮೊದಲೇ ಮುಗಿಯತೊಡಗಿತು.

ದೇಶ ದೇಶಗಳ ನಡುವೆ ಇದು ಇಷ್ಟು ಸುಲಭವಲ್ಲ. ಬಂಗಾಳದ ಪೆಟ್ರಾಪೋಲ್ ಗಡಿಯಲ್ಲಿ ಭಾರತದ ಲಾರಿಯು ಆಚೆಯ ಬೇನಾಪೋಲಿನವರೆಗೆ ಹೋಗಿ ಸರಕನ್ನು ಇಳಿಸುವುದು, ಅದನ್ನು ಬಾಂಗ್ಲಾದೇಶದ ಲಾರಿಗೆ ತುಂಬುವುದು ರೂಢಿ. ಒಂದೇ ಲಾರಿ ನೇರವಾಗಿ ಹೋಗುವಂತಾಗಲೆಂದು ಭಾರತ, ಬಾಂಗ್ಲಾದೇಶ, ಭೂತಾನ, ನೇಪಾಳಗಳು 2015ರ ಜೂನ್ 15ರಂದು ಥಿಂಪುವಿನಲ್ಲಿ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ಭೂತಾನದ ಸಂಸತ್ತಿನ ಮೇಲ್ಮನೆಯು 2016ರಲ್ಲಿ ಅದನ್ನು ಒಪ್ಪಲಿಲ್ಲ. ಕಿರಿದಾದ ಬೆಟ್ಟದ ನಾಡಿಗೆ ಹೊರಗಿನ ವಾಹನಗಳು ನುಗ್ಗಿದರೆ ಪರಿಸರದ ಗತಿಯೇನು, ತಮ್ಮ ಲಾರಿಗಳವರ ಗತಿಯೇನು ಎಂಬುದು ಅವರ ಅಂಜಿಕೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. 2017ರಲ್ಲಿ ಭಾರತವು 1975ರ ಟಿ.ಐ.ಆರ್. ಒಡಂಬಡಿಕೆಯನ್ನೂ ಸೇರಿತು. ಇದರ ಉಪಾಯ ಸರಳ: ಹೊರಡುವ ಊರಿನಲ್ಲಿಯೇ ಸುಂಕದ ಅಧಿಕಾರಿಯು ಸರಕನ್ನು ನೋಡಿ ಪೆಟ್ಟಿಗೆಗೆ ಮುದ್ರೆ ಹಾಕುತ್ತಾನೆ, ನಡುವಣ ದೇಶಗಳು ಮುದ್ರೆ ಮುರಿಯದೆ ಇದೆಯೇ ಎಂಬುದನ್ನಷ್ಟೇ ನೋಡಿ ಬಿಡುತ್ತವೆ. ಸುಂಕಕ್ಕೆ ಮೋಸವಾದರೆ ಭರಿಸಲು ಒಂದು ಸಂಸ್ಥೆಯ ಜಾಮೀನು ಇರುತ್ತದೆ.

ಗಡಿಯೆಂಬುದು ಎಷ್ಟು ಕಠಿನವಾಗಬಲ್ಲುದೆಂಬುದನ್ನು ಕರಾವಳಿಯ ಜನ ಕಂಡದ್ದು 2020ರ ಮಾರ್ಚಿಯಲ್ಲಿ. ಕಾಸರಗೋಡಿನಲ್ಲಿ ಕೋವಿಡ್ ರೋಗಿಗಳ ಸಂಖ್ಯೆ ಏರಿತೆಂದು ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣಿನ ರಾಶಿ ಸುರಿಯಲಾಯಿತು. ತನ್ನ ಜನರನ್ನು ಸೋಂಕಿನಿಂದ ಕಾಪಾಡುವುದು ಸರಕಾರದ ಕರ್ತವ್ಯವೆಂಬುದು ನಿಜ. ಆದರೆ ಕಾಸರಗೋಡಿನ ಉತ್ತರ ಭಾಗದವರು ಹೃದ್ರೋಗಕ್ಕೂ ಹೆರಿಗೆಗೂ ಮೂತ್ರಪಿಂಡದ ಚಿಕಿತ್ಸೆಗೂ ಬಹುಕಾಲದಿಂದ ನೆಚ್ಚಿಕೊಂಡಿದ್ದುದು ಸುಮಾರು 50 ಕಿಲೋಮೀಟರಿನೊಳಗಿನ ಮಂಗಳೂರಿನ ಆಸ್ಪತ್ರೆಗಳನ್ನು. ಅವರ ಆಂಬುಲೆನ್ಸುಗಳು ಗಡಿಯಿಂದ ಹಿಂದಿರುಗಿದವು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಕೆಲವರು ಅಸುನೀಗಿದರು. ಹಾಲು, ತರಕಾರಿ, ಅಕ್ಕಿಗಳಿಗೆ ದಾರಿ ಬಿಡುವ ಮಾತು ನಡೆದಿರುವಾಗ ಉಸಿರು ಕಟ್ಟಿದವನಿಗೆ ದಾರಿಯಿಲ್ಲದೆ ಹೋಯಿತು.

ವಿಷಯವು ನ್ಯಾಯಾಲಯವನ್ನು ಮುಟ್ಟಿತು. ತುರ್ತು ಚಿಕಿತ್ಸೆಗೆ ಬರುವ ವಾಹನಗಳಿಗಾಗಿ ತಡೆಗಳನ್ನು ತೆಗೆಸಬೇಕೆಂದು ಕೇರಳದ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ಕೇಂದ್ರ ಸರಕಾರಕ್ಕೆ ಆದೇಶಿಸಿತು. ಕರ್ನಾಟಕವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಎರಡು ರಾಜ್ಯಗಳನ್ನೂ ಕೂರಿಸಿ ಒಂದು ಕ್ರಮವನ್ನು ನಿಗದಿಪಡಿಸುವಂತೆ ಆ ನ್ಯಾಯಾಲಯವು ಏಪ್ರಿಲ್ 3ರಂದು ಕೇಂದ್ರಕ್ಕೆ ಸೂಚಿಸಿತು. ಒಪ್ಪಂದವಾಗಿದೆಯೆಂದು ಏಪ್ರಿಲ್ 7ರಂದು ತಿಳಿಸಿದ ಮೇಲೆ ಮೊಕದ್ದಮೆ ಮುಗಿಯಿತು. ಆ ಬಳಿಕ ತಲಪಾಡಿಯಲ್ಲಿ ವೈದ್ಯರ ತಂಡವೊಂದು ನಿಂತಿತು. ಕೋವಿಡ್ ಅಲ್ಲದ ರೋಗಿಯು ವೈದ್ಯರ ಪತ್ರದೊಡನೆ ಆಂಬುಲೆನ್ಸಿನಲ್ಲಿ ಬಂದರೆ ಅವರು ರೋಗಿಯನ್ನೂ ಪತ್ರವನ್ನೂ ನೋಡಿ, ಮಂಗಳೂರಿನ ಕಡೆಗೆ ಬಿಟ್ಟುಕೊಡುತ್ತಿದ್ದರು.